ನಾಲ್ಕು ಮೂಲೆಗೆ ಅರಸಿನ

ಆಗ ನಮ್ಮಲ್ಲಿ ಪೋಸ್ಟ್‌ಕಾರ್ಡು ಬಂದರೆ ಓದುವ ಮೊದಲು ಮೂಲೆ ನೋಡುವುದು. ಅರಸಿನ ಹಚ್ಚಿದ್ದರೆ ಮದುವೆಯೋ ಗೃಹಪ್ರವೇಶವೋ. ಅಮ್ಮ ಅದನ್ನು ದೇವರ ಮುಂದಿಡುತ್ತಿದ್ದರು. ಮೂಲೆ ಹರಿದಿದ್ದರೆ ಸಾವು. ಅಂಗಳದಲ್ಲೇ ಓದಿ ಹರಿದು ಹಾಕಬೇಕು, ಒಳಗೆ ತರುವ ಹಾಗಿಲ್ಲ. ಎರಡೂ ಇಲ್ಲದ ಕಾರ್ಡನ್ನು ಊಟ ಮಾಡಿ ನಿಧಾನಕ್ಕೆ ಓದಿದರೂ ನಡೆಯುತ್ತಿತ್ತು.

ತೊಂಬತ್ತರ ದಶಕದ ಕೊನೆಗೆ ನಾನು ಪಿಯುಸಿ ಮುಗಿಸಿದೆ. ಡಿಗ್ರಿಗೆ ಕಾರ್ಕಳಕ್ಕೆ ಹೋಗಬೇಕು. ಅಜೆಕಾರಿನಿಂದ ಅಲ್ಲಿಗೆ ಬೆಳಿಗ್ಗೆಯೇ ಬಸ್ಸಿತ್ತು. ಆದರೆ ಅಜೆಕಾರಿನಿಂದ ಇನ್ನೂ ಒಳಗಿರುವ ನಮ್ಮ ಊರಿಗೆ ಮೊದಲ ಬಸ್ಸು ಬರುವಾಗಲೇ ಗಂಟೆ ಹತ್ತು. "ಬಸ್ಸಿಲ್ಲದೆ ಎಂತ ಕಾಲೇಜು? ಮನೆಯಲ್ಲಿರು," ಎಂದರು ಅಪ್ಪ. ಸಿಟ್ಟು ನೆತ್ತಿಗೇರಿತು. ಅಪ್ಪನೊಡನೆ ವಾದಿಸುವುದು ದಂಡ, ಬಸ್ಸನ್ನೇ ತರಿಸುತ್ತೇನೆ ಎಂದು ಹಠ ಹಿಡಿದೆ.

ಕಾರ್ಕಳದ ಬಸ್ಸಿನ ಧಣಿಗೆ ವಾರಕ್ಕೊಂದು ಕಾರ್ಡು ಬರೆದೆ: ಬೆಳಿಗ್ಗೆ ಎಂಟಕ್ಕೆ ನಮ್ಮೂರಿಗೆ ಒಂದು ಟ್ರಿಪ್ಪು ಬಿಡಿ. ಐದು ಕಾರ್ಡಿಗೂ ಉತ್ತರವಿಲ್ಲ. ಆರನೆಯದನ್ನು ಅವರ ಮನೆಯ ವಿಳಾಸಕ್ಕೆ ಬರೆದು, ನಾಲ್ಕು ಮೂಲೆಗೂ ಅರಸಿನ ಬಳಿದೆ. ಇನ್ನು ಹೇಗೆ ಓದದೆ ಇರುತ್ತಾರೆ, ನೋಡೋಣ!

ಅವರಿಗಿಂತ ಮೊದಲು ನಮ್ಮ ಅಂಚೆ ಕಚೇರಿಯಲ್ಲಿ ಊರಿನವರೇ ನೋಡಿದರು. ಬರೆದದ್ದೆಲ್ಲ ಬಯಲಿಗೇ ಇತ್ತು, ಯಾರು ಬೇಕಾದರೂ ಓದಬಹುದಿತ್ತು. ಓದಿದವರು ಒಬ್ಬರೂ ಇಲ್ಲ. ಅರಸಿನ, ಧಣಿಯ ವಿಳಾಸ, ಕೆಳಗೆ ನಮ್ಮ ಮನೆಯ ಹೆಸರು, ಅಷ್ಟೇ ಸಾಕಾಯಿತು. ಸಂಜೆ ಹೋಟೆಲಿನಲ್ಲಿ ಯಾರೋ ಅಪ್ಪನ ಕೈ ಕುಲುಕಿದರು: "ಬಸ್ಸಿನವರ ಮನೆಗೇ ಮಗಳನ್ನು ಕೊಡುವುದಾ ಮಾರಾಯ್ರೆ? ನಮಗೊಂದು ಮಾತು ಹೇಳ್ಲಿಲ್ಲ ಅಲ್ವಾ!"

ಅಪ್ಪ ಮನೆಗೆ ಬಂದು ಕೂಗಾಡಿದರು. ನನಗೆ ಹೆದರಿಕೆಯಾಯಿತು, ಆದರೂ ತಪ್ಪಾಯಿತು ಎನ್ನಲಿಲ್ಲ. ಮರುದಿನ ಅವರು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಧಣಿಯ ಕ್ಷಮೆ ಕೇಳಲು ಕಾರ್ಕಳಕ್ಕೆ ಹೊರಟರು. ಇನ್ನು ಕಾಲೇಜಿನ ಆಸೆ ಮುಗಿಯಿತು ಎಂದು ಅಡುಗೆಮನೆಯಲ್ಲಿ ಕೂತು ಕಣ್ಣೀರು ಹಾಕಿದೆ.

ಮಧ್ಯಾಹ್ನ ಬಂದ ಅಪ್ಪ ಜಗಲಿಯಲ್ಲಿ ಕುಳಿತು ನೀರು ಕುಡಿದರು. ಬಸ್ಸಿನ ಬಗ್ಗೆ ನೋಡುವ ಎಂದಿದ್ದರಂತೆ ಧಣಿ, ಅಷ್ಟೇ.

"ಮದುವೆಯ ಸುದ್ದಿಗೆ ಎಂತ ಹೇಳಿದಿರಿ?" ಅಮ್ಮ ಕೇಳಿದರು.

"ಎಂತ ಹೇಳುವುದು? ದಾರಿಯುದ್ದಕ್ಕೂ ಕೇಳಿದವರೇ. ಮದುವೆ ಇಲ್ಲ, ಮಗಳು ಕಾಲೇಜಿಗೆ ಹೋಗ್ತಾಳೆ ಅಂತ ಎಲ್ಲರಿಗೂ ಹೇಳಿದೆ."

ನಾನು ಬಾಗಿಲಿಗೆ ಬಂದೆ. "ಬಸ್ಸು ಬಾರದಿದ್ದರೆ?"

"ಊರಿಗೆಲ್ಲ ಹೇಳಿ ಆಯ್ತಲ್ಲ," ಅಪ್ಪ ನನ್ನತ್ತ ನೋಡದೆ ಗದರಿದರು. "ಅಜೆಕಾರಿನವರೆಗೆ ನಾನೇ ನಡೆದು ಬಿಟ್ಟು ಬರ್ತೇನೆ."