ರೋಲರಿಗೆ ಸುತ್ತಿಕೊಂಡ ಹಾಡು

ಬೀದಿಯವರೆಲ್ಲ ಅವಳನ್ನು ಟೇಪಕ್ಕ ಎಂದೇ ಕರೆಯುತ್ತಿದ್ದರು. ಗಂಡನದು ಕಾರುಗಳ ವೈರಿಂಗ್ ಅಂಗಡಿ. ಹೊಸ ಮ್ಯೂಸಿಕ್ ಸೆಟ್ ಹಾಕಿಸಲು ಬಂದವರು ಹಳೆಯ ಟೇಪ್ ಪ್ಲೇಯರನ್ನು ಅಲ್ಲೇ ಬಿಟ್ಟು ಹೋಗುತ್ತಿದ್ದರು. ಅವನ್ನು ಗುಜರಿಗೆ ಹಾಕಲು ಗಂಡ ಹೊರಟಾಗಲೆಲ್ಲ ಇವಳು ಅಡ್ಡ ಬರುತ್ತಿದ್ದಳು.

"ಮನೇಲಿ ನಾನಿರಬೇಕಾ, ಈ ಡಬ್ಬಗಳಿರಬೇಕಾ?"

"ನೀವು ಹೇಗೂ ದಿನವಿಡೀ ಕಾರಿನ ಕೆಳಗೇ ಇರ್ತೀರಲ್ಲ, ಅವು ಇರ್ಲಿ ಬಿಡಿ."

ಹಾಗೆ ಹಿಂದಿನ ಕೋಣೆಯ ಗೋಡೆ ಪ್ಲೇಯರುಗಳಿಂದ ತುಂಬಿತು. ಬಿಸಿಲು ತಾಗದ ಮೂಲೆಯಲ್ಲಿ, ಚಪ್ಪಲಿಯ ರಟ್ಟಿನ ಪೆಟ್ಟಿಗೆಗಳಲ್ಲಿ, ಕ್ಯಾಸೆಟ್ಟುಗಳು ಕೂತವು. ಬಿಚ್ಚುವುದು, ಒರೆಸುವುದು, ಮತ್ತೆ ಹಾಡಿಸುವುದು ಎಲ್ಲವನ್ನೂ ಅವಳು ಕೆಡಿಸಿ ಕೆಡಿಸಿಯೇ ಕಲಿತಳು.

ಒಂದು ಬೆಳಿಗ್ಗೆ ಒಬ್ಬ ಹೆಂಗಸು ತಂದೆಯ ಕೈ ಹಿಡಿದು ಬಂದಳು. ಟ್ಯಾಕ್ಸಿ ಓಡಿಸಿ ಜೀವನ ಸವೆಸಿದ ಮನುಷ್ಯ. ಲಕ್ವ ಹೊಡೆದು ಬಲಗೈ ಸೋತಿತ್ತು, ಮಾತು ನಿಂತಿತ್ತು. ಎಡಗೈಯಲ್ಲಿ ತನ್ನ ಕಾರಿನ ಪ್ಲೇಯರನ್ನು ಎದೆಗೆ ಒತ್ತಿಕೊಂಡಿದ್ದರು.

"ಒಳಗೆ ಕ್ಯಾಸೆಟ್ ಸಿಕ್ಕಾಕೊಂಡಿದೆ ಅಕ್ಕಾ," ಎಂದಳು ಮಗಳು. "ಊಟ ಬೇಡ, ನಿದ್ದೆ ಬೇಡ, ಇದನ್ನೇ ಹಿಡ್ಕೊಂಡು ಕೂತಿರ್ತಾರೆ. ಮೀಟಿ ತೆಗೆಯೋಣ ಅಂತ ಸ್ಕ್ರೂಡ್ರೈವರ್ ಹಾಕಿದೆ. ನೋಡಿ." ತೋಳು ಮೇಲೆತ್ತಿ ತೋರಿಸಿದಳು. ಹಲ್ಲಿನ ಗುರುತು ಇನ್ನೂ ಕೆಂಪಾಗಿತ್ತು.

"ಅದರಲ್ಲಿ ಏನಿದೆ ಯಜಮಾನ್ರೇ?"

"ಅದು... ಅದು..." ಎಂದರು ಅವರು. ಉಳಿದದ್ದು ಅದೊಂದೇ ಪದ.

ಟೇಪಕ್ಕ ಮುಚ್ಚಳ ತೆಗೆದಳು. ರಬ್ಬರ್ ಬೆಲ್ಟು ಕರಗಿ ಡಾಂಬರಿನಂತಾಗಿತ್ತು. ಟೇಪು ರೋಲರಿಗೆ ಸುತ್ತಿಕೊಂಡು, ಮೀಟಿದ ಕಡೆ ನುಜ್ಜುಗುಜ್ಜಾಗಿತ್ತು. ರೋಲರನ್ನು ಹಿಂದಕ್ಕೆ ತಿರುಗಿಸುತ್ತ ಚಿಮಟದಲ್ಲಿ ಒಂದೊಂದೇ ಸುತ್ತು ಬಿಡಿಸತೊಡಗಿದಳು. ಮುದುಕರು ಕೂರಲಿಲ್ಲ. ಅವರ ಬಿಸಿಯುಸಿರು ಅವಳ ಕತ್ತಿಗೆ ತಾಗುತ್ತಿತ್ತು. ಕೊನೆಯ ಸುತ್ತು ಡಾಂಬರಿಗೆ ಅಂಟಿತ್ತು. ಎಳೆದರೆ ಟೇಪು ಹಿಗ್ಗಿ ದಾರವಾಗುತ್ತದೆ. ಕತ್ತರಿಸದೆ ವಿಧಿಯಿಲ್ಲ.

ಅವಳು ಬ್ಲೇಡ್ ಎತ್ತಿದ್ದೇ ತಡ, ಅವರು ಅವಳ ಮಣಿಕಟ್ಟನ್ನು ಗಬಕ್ಕನೆ ಹಿಡಿದರು. ಬ್ಲೇಡ್ ಜಾರಿ ಅವಳ ಹೆಬ್ಬೆರಳು ಕೊಯ್ದಿತು. ಮೇಜಿನ ಮೇಲೆ ರಕ್ತ ತೊಟ್ಟಿಕ್ಕಿತು.

"ಅಪ್ಪಾ, ಬಿಡಿ!" ಮಗಳು ಕಿರುಚಿದಳು. "ಬೇಡ ಅಕ್ಕಾ, ಕೊಟ್ಬಿಡಿ. ನಾವು ಹೋಗ್ತೀವಿ."

ಕೊಟ್ಟು ಕಳಿಸಿದ್ದರೆ ಕೈ ತೊಳೆದುಕೊಂಡಂತಾಗುತ್ತಿತ್ತು. ಆದರೆ ಅವರ ಕಣ್ಣಲ್ಲಿದ್ದದ್ದು ಸಿಟ್ಟಲ್ಲ, ಭಯ. ಟೇಪಕ್ಕ ಬೆರಳಿಗೆ ಬಟ್ಟೆ ಸುತ್ತಿಕೊಂಡು, ಪೆಟ್ಟಿಗೆಯಿಂದ ತನ್ನದೇ ಒಂದು ಕ್ಯಾಸೆಟ್ ತೆಗೆದಳು. ಅವರ ಕಣ್ಣೆದುರೇ ಅದರ ಟೇಪನ್ನು ಕತ್ತರಿಸಿ, ತುದಿಗಳನ್ನು ಕೂಡಿಸಿ, ಅಂಟುಪಟ್ಟಿ ಹಚ್ಚಿ ಹಾಡಿಸಿದಳು. ಹಾಡು ಒಂದೆಡೆ ಚೂರು ಎಡವಿ, ಮುಂದೆ ಸಾಗಿತು.

"ಕತ್ತರಿಸಿದ್ರೂ ಸಾಯಲ್ಲ. ಎಲ್ಲಿ ಕತ್ತರಿಸ್ಲಿ, ನೀವೇ ಹೇಳಿ."

ಮುದುಕರು ಎಡಗೈ ಚಾಚಿ, ನುಜ್ಜಾದ ಭಾಗದ ಅಂಚಿನಲ್ಲಿ ಬೆರಳಿಟ್ಟರು.

ಅಲ್ಲೇ ಕತ್ತರಿಸಿ, ತುದಿಗಳನ್ನು ಕೂಡಿಸಿದಳು. ಸುರುಳಿಗಳನ್ನು ಗಟ್ಟಿ ಇದ್ದ ಇನ್ನೊಂದು ಕ್ಯಾಸೆಟ್ಟಿನ ಚಿಪ್ಪಿಗೆ ಬದಲಿಸಿ, ಹೊಸ ಬೆಲ್ಟು ಹಾಕಿ, ಕಾರಿನ ಬ್ಯಾಟರಿಗೆ ವೈರು ಸಿಕ್ಕಿಸಿದಳು. ಮೋಟಾರು ತಿರುಗಿತು. ಸ್ಪೀಕರಿನಿಂದ ಬರೀ ಸರಸರ ಸದ್ದು. ಮುದುಕರ ಮುಖ ಬಿಳಿಚಿತು. ಟೇಪಕ್ಕ, ಟೇಪನ್ನು ಓದುವ ಹೆಡ್ಡಿನ ಪುಟ್ಟ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸಿದಳು. ಇನ್ನೊಂದಿಷ್ಟು.

ಸದ್ದಿನೊಳಗಿಂದ ನಾಲ್ಕೈದು ಗಂಡಸರ ದನಿ ಎದ್ದು ಬಂತು. ಸವಾರಿಗೆ ಕಾಯುತ್ತ ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಮುದುಕರೂ ಅವರ ಗೆಳೆಯರೂ ಸೇರಿ, ಕಾರಿನ ಬಾನೆಟ್ಟಿಗೆ ತಾಳ ಹಾಕುತ್ತ ತಾವೇ ಕಟ್ಟಿ ಹಾಡಿದ ಹಾಡು. ಕೂಡಿಸಿದ ಜಾಗ ಬಂತು, ಹಾಡು ಎಡವಿತು. ಎಡವಿದ ಕಡೆ ಇನ್ನೊಂದು ದನಿ ಮುಂದುವರಿಯಿತು:

"ದಾರಿ ಮುಗಿದರೂ ಗಾಡಿ ನಿಲ್ಲದೋ..."

ಮುದುಕರು ಹಾಡುತ್ತಿದ್ದರು. ಒಡಕು ದನಿ, ಆದರೆ ಒಂದು ಪದವೂ ತಪ್ಪಲಿಲ್ಲ. ಮಗಳು ಬಾಯಿಗೆ ಸೆರಗು ಒತ್ತಿಕೊಂಡು ಗೋಡೆಗೆ ಒರಗಿಬಿಟ್ಟಳು. ಎಷ್ಟೋ ತಿಂಗಳಿಂದ ಅವಳು ಅಪ್ಪನ ಬಾಯಲ್ಲಿ "ಅದು" ಬಿಟ್ಟು ಬೇರೊಂದು ಮಾತು ಕೇಳಿರಲಿಲ್ಲ.

ಹಾಡು ಮುಗಿಯಿತು. "ಅಪ್ಪಾ, ನನ್ನ ಹೆಸರು ಹೇಳಿ," ಎಂದಳು ಆಸೆಯಿಂದ.

ಅವರು ತುಟಿ ಅಲುಗಿಸಿ, ಒದ್ದಾಡಿ, ಕೊನೆಗೆ "ಅದು" ಎಂದರು. ಮಗಳ ಮುಖ ಕಳೆಗುಂದಿತು.

ಆದರೆ ಡಾಕ್ಟರಿಗೆ ವಿಷಯ ತಿಳಿಸಿದಾಗ, ಇಂಥವರಿಗೆ ಮಾತು ಹೋದರೂ ಕೆಲವೊಮ್ಮೆ ಹಾಡು ಉಳಿದಿರುತ್ತದೆ, ರಾಗದ ಮೇಲೆ ಮಾತು ಕೂರಿಸಿ ನೋಡಿ ಎಂದರು. ಮಗಳು ದಿನಾ ಆ ಟೇಪು ಹಾಕಿ, ಅದೇ ಧಾಟಿಯಲ್ಲಿ "ನೀರು ಬೇಕು" ಎಂದು ಹೇಳಿಕೊಡತೊಡಗಿದಳು. ಮೊದಮೊದಲು ಅವರು ಸಿಟ್ಟಾಗಿ ಲೋಟ ಎಸೆದರು. ಆಮೇಲೆ "ನೀರು" ಬಂತು. "ಬೇಕು" ಬರಲು ಬೇಸಿಗೆ ಕಳೆಯಿತು.

ಒಂದು ಮಧ್ಯಾಹ್ನ ಟೇಪಕ್ಕನಿಗೆ ಫೋನು ಬಂತು. ಮಗಳು ಅಳುತ್ತಿದ್ದಳೋ ನಗುತ್ತಿದ್ದಳೋ, ತಕ್ಷಣ ತಿಳಿಯಲಿಲ್ಲ.

"ಅಕ್ಕಾ, ಇವತ್ತು ಊಟಕ್ಕೆ ಕೂತೋರು ರಾಗವಾಗಿ 'ಉಪ್ಪು ಜಾಸ್ತಿ' ಅಂದ್ರು! ನಾನು ಹೇಳಿಕೊಟ್ಟಿದ್ದೇ ಅಲ್ಲ. ಅಪ್ಪನ ಹತ್ರ ಬೈಸ್ಕೊಂಡು ಇಷ್ಟು ಖುಷಿ ನಂಗೆ ಯಾವತ್ತೂ ಆಗಿರ್ಲಿಲ್ಲ."