ಅಕ್ಕನ ಕಾಫಿ ತಟ್ಟೆ

ಮನೆತನದ ಮರ್ಯಾದೆ ನಡತೆಯಲ್ಲಿ, ಸತ್ಯದಲ್ಲಿ, ದಾನಧರ್ಮದಲ್ಲಿ ಇರುತ್ತದೆ ಎಂದು ಹಿರಿಯರು ಹೇಳುತ್ತಾರೆ. ನಾನು ಚಿಕ್ಕವನಿದ್ದಾಗ ನಮ್ಮ ಮನೆಯ ಮರ್ಯಾದೆ ಐದು ಸ್ಟೀಲ್ ಲೋಟಗಳಲ್ಲಿತ್ತು.

ನಿಮಗೆ ನಾನು ಚಿಕ್ಕಜ್ಜ, ಅಂದರೆ ನಿಮ್ಮ ಅಜ್ಜಿಯ ತಮ್ಮ. ಅಕ್ಕನಿಗೂ ನನಗೂ ಹದಿಮೂರು ವರ್ಷದ ಅಂತರವಾದ್ದರಿಂದ ತಲೆ ಪೂರ್ತಿ ನರೆಯುವ ಮುಂಚೆಯೇ ಅಜ್ಜನಾಗುವ ಯೋಗ ನನ್ನದು. ಇದು ತೊಂಬತ್ತರ ದಶಕದ ಮೊದಲ ವರ್ಷಗಳ ಮಾತು. ಮೈಸೂರಿನ ಒಂಟಿಕೊಪ್ಪಲಿನಲ್ಲಿ ನಮ್ಮ ಮನೆ. ಅಪ್ಪನಿಗೆ ಪಾತ್ರೆ ಅಂಗಡಿ.

ಅಕ್ಕನಿಗೆ ಮನಸ್ಸಿನ ಕಾಯಿಲೆ ಇತ್ತು. ಕೆಲವು ವಾರ ಹಾಸಿಗೆಯಿಂದ ಏಳಲಾರದಷ್ಟು ದಣಿವು; ಇನ್ನು ಕೆಲವು ದಿನ ನಿದ್ದೆಯೇ ಬೇಡದಂಥ ಓಟ. ಡಾಕ್ಟರು ಕೊಟ್ಟ ಮಾತ್ರೆಯಿಂದ ಎರಡು ವರ್ಷ ಚೆನ್ನಾಗಿಯೇ ಇದ್ದಳು. ಅಪ್ಪ ಆ ಮಾತ್ರೆಯನ್ನು ಮನೆಯ ಹತ್ತಿರ ಕೊಳ್ಳುತ್ತಿರಲಿಲ್ಲ. ಗುರುತಿನವರು ನೋಡಿಯಾರೆಂದು ದೂರದ ಕೆಸರೆಯವರೆಗೆ ಸೈಕಲ್ ತುಳಿಯುತ್ತಿದ್ದರು. ಬೀದಿಗೆ ಹೇಳಿದ್ದು "ರಕ್ತ ಕಡಿಮೆ" ಎಂದು. ಹಾಗಾಗಿ ಎದುರುಮನೆಯ ಅಜ್ಜಿ ವಾರಕ್ಕೆರಡು ಸಲ ಬೀಟ್‌ರೂಟ್ ಪಲ್ಯ ಕಳಿಸುತ್ತಿದ್ದರು. ನಿಜ ಹೇಳಲಾರದವರು ಪಲ್ಯವನ್ನಾದರೂ ತಿನ್ನಲೇಬೇಕು. ತಿಂದೆವು.

ಮಾತ್ರೆಯಿಂದ ಅಕ್ಕನ ಕೈ ಸ್ವಲ್ಪ ನಡುಗುತ್ತಿತ್ತು. ಅದರಿಂದ ಯಾರಿಗೂ ತೊಂದರೆಯಾಗಿರಲಿಲ್ಲ, ಗಂಡಿನವರು ನೋಡಲು ಬರುತ್ತಾರೆ ಎನ್ನುವವರೆಗೆ. ಹೆಣ್ಣು ಕಾಫಿ ತಟ್ಟೆ ಹಿಡಿದು ಬರಬೇಕಲ್ಲ! ತಾಲೀಮಿನಲ್ಲಿ ನಾನೇ ವರ. ಚಕ್ಕಳಮಕ್ಕಳ ಹಾಕಿ ಗಂಭೀರವಾಗಿ ಕೂತು, ಲೋಟಗಳು ಕಿಣಿಕಿಣಿ ಎನ್ನುತ್ತ ಹತ್ತಿರ ಬರುವುದನ್ನು ಕೇಳುತ್ತಿದ್ದೆ. ಅಪ್ಪ ಅಂಗಡಿಯಿಂದ ದಪ್ಪ ತಳದ ಲೋಟ ತಂದರು. ತಟ್ಟೆಗೆ ಬಟ್ಟೆ ಹಾಸಿದರು. ಮೂವತ್ತು ವರ್ಷದ ಪಾತ್ರೆ ವ್ಯಾಪಾರದ ಜ್ಞಾನವೆಲ್ಲ ಖರ್ಚಾದ ಮೇಲೆ, "ಗಂಡಿನೋರು ಬಂದೋಗೋಗಂಟ ಮಾತ್ರೆ ಬ್ಯಾಡ ಬುಡು" ಎಂದರು.

"ಡಾಕ್ಟ್ರನ್ನ ಒಂದ್ಮಾತು ಕೇಳೋಣಪ್ಪ" ಎಂದಳು ಅಕ್ಕ.

"ಒಂದ್ ತಿಂಗ್ಳು ಕಣಮ್ಮ. ಏನೂ ಆಗಕ್ಕಿಲ್ಲ."

ಮಾತ್ರೆಗಳು ಅಟ್ಟದ ಮೇಲಿನ ದೊಡ್ಡ ಹಿತ್ತಾಳೆ ಪಾತ್ರೆ, ಕೊಳದಪ್ಪಲೆ ಸೇರಿದವು. ಲೋಟಗಳು ಸುಮ್ಮನಾದವು. ಅಕ್ಕ ನಿದ್ದೆ ಮಾಡುವುದನ್ನು ನಿಲ್ಲಿಸಿದಳು.

ಗಂಡಿನವರು ಬರುವ ದಿನ ಬೆಳಗ್ಗೆ ನಾನು ಎದ್ದಾಗ ಉಪ್ಪಿಟ್ಟಿನ ಒಗ್ಗರಣೆಯ ಘಾಟು ಮನೆಯೆಲ್ಲ ತುಂಬಿತ್ತು. ಬಾಗಿಲು ತೆರೆದರೆ ರಂಗೋಲಿ. ಅದು ನಮ್ಮ ಗೇಟು ದಾಟಿ, ಎಂಟು ಮನೆ ದಾಟಿ, ಮುಖ್ಯರಸ್ತೆಯ ಹತ್ತಿರ ಹೋಗಿತ್ತು. ಅಕ್ಕ ಬಗ್ಗಿ ಇನ್ನೂ ಹಾಕುತ್ತಲೇ ಇದ್ದಳು. ಬೆರಳ ತುದಿ ಸವೆದಿತ್ತು. ಎದುರುಮನೆಯ ಅಜ್ಜಿ ಗೇಟು ಹಿಡಿದು ನಿಂತು, "ಏನವ್ವ, ಊರಾಚೆ ಮಂಡಕಳ್ಳಿಗಂಟ ಎಳೀತೀಯಾ?" ಎಂದು ನಕ್ಕರು.

"ಹೂಂ" ಎಂದಳು ಅಕ್ಕ, ತಲೆ ಎತ್ತದೆ. ಅಜ್ಜಿಯ ನಗು ಅಲ್ಲೇ ನಿಂತಿತು.

ಹತ್ತು ಗಂಟೆಗೆ ಗಂಡಿನವರು ರಂಗೋಲಿ ತುಳಿಯದಂತೆ ತುದಿಗಾಲಿನಲ್ಲಿ ಕುಪ್ಪಳಿಸಿಕೊಂಡು ಬಂದರು. ಅಕ್ಕ ತಟ್ಟೆ ತಂದಳು. ಒಂದು ಲೋಟವೂ ಮಿಸುಕಲಿಲ್ಲ. ಅಪ್ಪ ಒಂದು ಕ್ಷಣ ಗೆದ್ದರು. ಆಮೇಲೆ ಅಕ್ಕ ವರನ ಪಕ್ಕದಲ್ಲೇ ಕೂತು, ಮೈಸೂರಿಗೆಲ್ಲ ರಂಗೋಲಿ ಹಾಕುವ ಯೋಜನೆಯನ್ನು ಉಸಿರು ಬಿಡದೆ ವಿವರಿಸತೊಡಗಿದಳು. ಕಾಫಿಯ ಮೇಲೆ ಕೆನೆ ಕಟ್ಟಿತು. ಯಾರೂ ಲೋಟ ಎತ್ತಲಿಲ್ಲ. "ಊರಿಗೋಗಿ ಕಾಗ್ದ ಬರೀತೀವಿ" ಎಂದು ಅವರ ಹಿರಿಯರು ಎದ್ದರು. ಹಾಗೆ ಹೇಳಿದವರು ಕಾಗದ ಬರೆದ ದಾಖಲೆ ಎಲ್ಲಿಯೂ ಇಲ್ಲ.

ಅಕ್ಕ ಜಗುಲಿಯ ಮೇಲೆ ಕುಸಿದು ಕೂತಳು. ತುಟಿ ಒಣಗಿತ್ತು. "ಸಾಕಾಗೋಗೈತೆ. ಆ ಮಾತ್ರೆ ಕೊಟ್ಬುಡಪ್ಪ. ಲೋಟ ಕುಣಿದ್ರೆ ಕುಣೀಲಿ, ತಲೆ ಕುಣಿಯೋದು ಬ್ಯಾಡ."

ಅಪ್ಪ ಒಳಗೆ ಹೋದರು. ಸ್ಟೂಲು ಹತ್ತಿ ಕೊಳದಪ್ಪಲೆ ಇಳಿಸಿದರು. ಮಾತ್ರೆಗಳನ್ನು ಜೇಬಿಗೆ ಹಾಕಿಕೊಂಡು ಆಟೋ ತರಲು ಹೊರಟರು. "ಹಿಂದಿನ್ ಬೀದೀಲಿ ನಿಲ್ಸಿ" ಎಂದರು ಅಮ್ಮ ಮೆಲ್ಲಗೆ. ಡಾಕ್ಟರ ಹತ್ತಿರ ಹೋಗುವಾಗಲೆಲ್ಲ ಅದೇ ನಮ್ಮ ಪದ್ಧತಿ.

"ಬ್ಯಾಡ. ಮನೆ ಮುಂದೇನೇ ಬರ್ಲಿ" ಎಂದರು ಅಪ್ಪ.

ಎದುರುಮನೆಯ ಅಜ್ಜಿ ಕೇಳಿಯೇ ಕೇಳಿದರು: "ಈ ಬಿಸ್ಲಲ್ಲಿ ಎಲ್ಲಿಗೆ ಹೊಂಟ್ರಿ?"

ಅಪ್ಪ ಅವರತ್ತ ತಿರುಗಿದರು. "ಮಗೂಗೆ ಮನಸ್ಸಿನ್ ಕಾಯ್ಲೆ ಕಣಮ್ಮ. ಮಾತ್ರೆ ನಿಲ್ಸಿ ನಾನೇ ಕೆಡಿಸ್ಬುಟ್ಟೆ. ಡಾಕ್ಟ್ರತ್ರ ಹೊಂಟೀವಿ."

ಆಕಾಶ ಬೀಳಲಿಲ್ಲ. ಅಜ್ಜಿ ಅಕ್ಕನ ಮುಖವನ್ನೊಮ್ಮೆ ನೋಡಿದರು. "ಅಂಗಾದ್ರೆ ರಕ್ತ ಸರಿಯಾಗೇ ಐತಾ? ಎರಡು ವರ್ಷ ಬೀಟ್‌ರೂಟ್ ತುರಿದು ನನ್ ಕೈ ಕೆಂಪಾಗೋಯ್ತಲ್ಲಪ್ಪ! ಮೊದ್ಲೇ ಹೇಳೋಕೇನಾಗಿತ್ತು?" ಎಂದು ಗದರಿ, ಒಳಗಿನಿಂದ ಛತ್ರಿ ತಂದು ಅಕ್ಕನ ಕೈಗಿಟ್ಟರು.

ಎಲ್ಲರೂ ಛತ್ರಿ ಕೊಡಲಿಲ್ಲ. ಎರಡು ಮನೆಯವರು ತಮ್ಮ ಮಕ್ಕಳನ್ನು ನನ್ನ ಜೊತೆ ಆಡಲು ಕಳಿಸುವುದನ್ನು ನಿಲ್ಲಿಸಿದರು. ಡಾಕ್ಟರು ಅಪ್ಪನಿಗೆ, "ಕೈ ನಡುಗಿದ್ರೆ ಔಷಧಿ ಸರಿಮಾಡೋದು ನನ್ ಕೆಲ್ಸ ಕಣ್ರೀ. ನೀವು ಲೋಟ ಮಾರ್ಕೊಂಡಿರಿ" ಎಂದರು. ಅಕ್ಕ ಚೇತರಿಸಿಕೊಳ್ಳಲು ಮೂರು ತಿಂಗಳು ಬೇಕಾಯಿತು.

ಈಗ ನಿಮ್ಮ ಮನೆಯಲ್ಲಿ ಆ ಮಾತ್ರೆ ಊಟದ ಮೇಜಿನ ಮೇಲೆ, ಉಪ್ಪಿನಕಾಯಿ ಜಾಡಿಯ ಪಕ್ಕದಲ್ಲೇ ಕೂತಿರುತ್ತದೆ. ನಿಮ್ಮಲ್ಲಿ ಚಿಕ್ಕವಳು, "ಅಜ್ಜೀ, ಮನಸ್ಸಿನ ಮಾತ್ರೆ ತಗೊಂಡ್ಯಾ?" ಎಂದು ಬೀದಿಗೆಲ್ಲ ಕೇಳುವಂತೆ ಕೂಗುತ್ತಾಳೆ. ಯಾರೂ ತಿರುಗಿ ನೋಡುವುದಿಲ್ಲ. ಆಗೆಲ್ಲ ಕೆಸರೆಯವರೆಗೆ ಸೈಕಲ್ ತುಳಿದ ಅಪ್ಪನ ಕಾಲುಗಳು ನೆನಪಾಗಿ ನನಗೇ ದಣಿವಾಗುತ್ತದೆ.

ಅಕ್ಕ ಚೇತರಿಸಿಕೊಂಡ ಎರಡು ವರ್ಷದ ಮೇಲೆ ಇನ್ನೊಬ್ಬ ವರ ಬಂದರು. ಲೋಟಗಳು ಮೆಲ್ಲಗೆ ಕಿಣಿಕಿಣಿ ಎಂದವು. ಕಾರಣವನ್ನು ಅಕ್ಕನೇ ಹೇಳಿದಳು. ಅವರು ಕಾಫಿ ಕುಡಿದರು. ಅವರು ನಿಮ್ಮ ಅಜ್ಜ.