ಅತ್ತೆಯ ಬೀರುವಿನಲ್ಲಿದ್ದ ಪ್ರತಿ

ಆರ್.ಟಿ. ನಗರದ ಒಂದು ಸಣ್ಣ ಸಂಗ್ರಹಾಲಯದಲ್ಲಿ ನನ್ನ ಕೆಲಸ. ಹಳ್ಳಿಗಳಲ್ಲಿ ಎಂದೋ ಟೇಪಿಗೆ ಹಿಡಿದಿದ್ದ ಬೀಸುವ ಹಾಡು, ಸೋಬಾನೆ, ಜೋಗುಳಗಳನ್ನು ಕಂಪ್ಯೂಟರಿಗೆ ಇಳಿಸಿ, ಹಾಡಿದವರು ಯಾರು, ಯಾವ ಊರು ಎಂದು ನಮೂದಿಸಿ, ಕೆಡದಂತೆ ಕಾಯುತ್ತಿದ್ದೆ. ಒಂದು ಪ್ರತಿಯಾದರೂ ಬೇರೆ ಕಟ್ಟಡದಲ್ಲಿರಬೇಕೆಂಬುದು ಈ ಕಸುಬಿನ ನಿಯಮ. ನಮಗಿದ್ದದ್ದೇ ಒಂದು ಕಟ್ಟಡ. ಮೇಲಧಿಕಾರಿಯನ್ನು ಕೇಳಿದೆ. "ನಿಮ್ಗೆ ನಂಬಿಕೆ ಇರೋ ಕಡೆ ಇಡಿ" ಅಂದರು. ಹೊಳೆದದ್ದು ಹಳೇ ಯಲಹಂಕದ ಅತ್ತೆಯ, ನನ್ನ ಗಂಡನ ತಾಯಿಯ, ಮನೆ.

ಅತ್ತೆಗೂ ನನಗೂ ಜಗಳವಿರಲಿಲ್ಲ, ಸಲಿಗೆಯೂ ಇರಲಿಲ್ಲ. ಹಬ್ಬಕ್ಕೆ ಹೋಗಿ ಉಂಡು ಬರುತ್ತಿದ್ದೆ, ಅಷ್ಟೆ. ಹಾರ್ಡ್ ಡಿಸ್ಕ್ ಕೈಗಿಟ್ಟಾಗ ತಿರುಗಿಸಿ ತಿರುಗಿಸಿ ನೋಡಿದರು.

"ಇದ್ರೊಳ್ಗೆ ಏನೈತವ್ವಾ?"

"ಹಾಡು ಅತ್ತೆ. ಹಳ್ಳಿ ಹೆಂಗಸ್ರು ಹಾಡಿರೋದು."

ಅತ್ತೆ ಅದನ್ನು ಬೀರುವಿನಲ್ಲಿ ರೇಷ್ಮೆ ಸೀರೆಗಳ ನಡುವೆ ಇಟ್ಟು ಬೀಗ ಹಾಕಿದರು.

ಡಿಸ್ಕನ್ನು ಇಟ್ಟು ಮರೆಯುವಂತಿಲ್ಲ. ಆಗಾಗ ಲ್ಯಾಪ್‌ಟಾಪಿಗೆ ಜೋಡಿಸಿ ಎಲ್ಲ ಸರಿಯಿದೆಯೇ ಎಂದು ಪರೀಕ್ಷಿಸಬೇಕು. ಹಾಗಾಗಿ ಹಬ್ಬವಿಲ್ಲದ ದಿನಗಳಲ್ಲೂ ಹೋಗತೊಡಗಿದೆ. ಪರೀಕ್ಷೆ ಮುಗಿಯುವವರೆಗೂ ಇಬ್ಬರೂ ಕೂತು ಅವರೆಕಾಯಿ ಸುಲಿಯುತ್ತಿದ್ದೆವು. ಹೊಸ ಸೊಸೆಯಾಗಿ ಬಂದಾಗ ಹೆಸರಘಟ್ಟದ ತವರು ನೆನೆದು ಹಿತ್ತಲಲ್ಲಿ ಅಳುತ್ತಿದ್ದುದನ್ನು ಅತ್ತೆ ಹೇಳಿದ್ದು ಅಂಥದೊಂದು ಮಧ್ಯಾಹ್ನ.

ಒಮ್ಮೆ ಹೋದಾಗ ಡಿಸ್ಕು ತಾರಸಿಯ ಮೇಲೆ, ಸೀರೆಗಳ ಜೊತೆ ಬಿಸಿಲು ಕಾಯುತ್ತಿತ್ತು. ಓಡಿಹೋಗಿ ಎತ್ತಿಕೊಂಡೆ.

"ಮುಚ್ಚಿಟ್ಟಂಗೇ ಇದ್ರೆ ಉಳ ಬೀಳಾಕಿಲ್ವಾ?" ಅಂದರು ಅತ್ತೆ.

ಲ್ಯಾಪ್‌ಟಾಪಿಗೆ ಹಾಕಿ ನೋಡಿದೆ. ಏನೂ ಆಗಿರಲಿಲ್ಲ. ಆಮೇಲೆ ನಗು ತಡೆಯಲಾಗಲಿಲ್ಲ, ಇಬ್ಬರಿಗೂ.

ಕೆಲವು ವರ್ಷ ಕಳೆದ ಮೇಲೆ ಒಂದು ಬೆಳಿಗ್ಗೆ ನಮ್ಮ ಸಂಗ್ರಹಾಲಯದ ಮಹಡಿಯ ನೀರಿನ ಪೈಪು ಒಡೆದು, ಸೋರಿದ ನೀರು ಕಂಪ್ಯೂಟರು, ಡಿಸ್ಕು, ಹಳೇ ಟೇಪುಗಳ ಮೇಲೆಲ್ಲ ಬಿದ್ದಿತ್ತು. ಯಲಹಂಕಕ್ಕೆ ಓಡಿದೆ. ಮನೆಗೆ ಸುಣ್ಣಬಣ್ಣ ನಡೆಯುತ್ತಿತ್ತು, ಅತ್ತೆ ಇರಲಿಲ್ಲ. ಬೀರುವಿನ ಬಾಗಿಲು ತೆರೆದಿತ್ತು, ಒಳಗೆ ಏನೂ ಇರಲಿಲ್ಲ. ನಾಗಸಂದ್ರದ ನಾದಿನಿಗೆ ಫೋನ್ ಮಾಡಿದೆ. "ಅಮ್ಮ ನಿನ್ನೆನೇ ಇಲ್ಲಿಗೆ ಬಂದ್ರು ಕಣ್ರೀ" ಅಂದಳು. ಡಿಸ್ಕಿನ ವಿಷಯ ಅವಳಿಗೆ ಗೊತ್ತಿರಲಿಲ್ಲ. ಯಶವಂತಪುರಕ್ಕೆ ಬಸ್ಸು, ಅಲ್ಲಿಂದ ಮೆಟ್ರೋ.

ಅತ್ತೆ ಮಂಚದ ಮೇಲಿದ್ದ ತಮ್ಮ ಚೀಲದಿಂದ ಡಿಸ್ಕ್ ತೆಗೆದುಕೊಟ್ಟರು. "ಬಣ್ಣ ಒಡೆಯೋರು ಬಂದಿದ್ರು. ಯಾರ ಕೈಗಾದ್ರೂ ಸಿಕ್ಬಿಟ್ರೆ ಅಂತ ತಂದೆ."

ಲ್ಯಾಪ್‌ಟಾಪಿಗೆ ಜೋಡಿಸಿ ನೋಡಿದೆ, ಎಲ್ಲ ಹಾಡೂ ಇದ್ದವು. ನಾನು ಅತ್ತೆಯ ಹೆಗಲಿಗೆ ಒರಗಿ ಅತ್ತುಬಿಟ್ಟೆ.

"ಅಳಬ್ಯಾಡ. ಒಂದಾದ್ರೂ ಕೇಳ್ಸು. ಇಷ್ಟ್ ದಿನ ಮಡಿಕ್ಕೊಂಡಿದ್ದೀನಿ."

ಬೀಸುವ ಹಾಡೊಂದನ್ನು ಹಾಕಿದೆ. ನಡುವೆ ಕರು ಕೂಗುತ್ತದೆ. ಹಾಡುತ್ತಿದ್ದವಳು ನಿಲ್ಲಿಸಿ, "ಆ ಕರ ಕಟ್ಟಮ್ಮಿ" ಎಂದು ಯಾರನ್ನೋ ಗದರಿ, ಅದೇ ಉಸಿರಿನಲ್ಲಿ ಮುಂದುವರಿಸುತ್ತಾಳೆ. ಅತ್ತೆಗೆ ನಕ್ಕು ನಕ್ಕು ಕಣ್ಣಲ್ಲಿ ನೀರು. ಮತ್ತೆ ಮತ್ತೆ ಹಾಕಿಸಿಕೊಂಡು ಕೇಳಿದರು.

ಮುಂದೆ ನಮ್ಮ ಸಂಗ್ರಹದ ಪ್ರತಿಯನ್ನು ಬೇರೊಂದು ನಗರದ ಸರ್ವರಿಗೆ ಸೇರಿಸಿದರು. ಅತ್ತೆಗೆ ಹೇಳಿದೆ.

"ಅಲ್ಲಿ ಯಾರು ನೋಡ್ಕೊಂತಾರೆ?"

"ಮೆಷಿನ್ನೇ ನೋಡ್ಕೊಳುತ್ತೆ ಅತ್ತೆ."

"ಅಂಗಾರೆ ಇನ್ಮೇಲೆ ನೀನು ಬರಾಕಿಲ್ವಾ?"

"ಬರ್ತೀನಿ ಅತ್ತೆ" ಅಂದೆ. ಮುಂದಿನ ಭಾನುವಾರವೇ, ಲ್ಯಾಪ್‌ಟಾಪಿಲ್ಲದೆ, ಹೋದೆ.